ಅತಿಥಿಯ ಪಾಲು

"ಇವತ್ತೊಂದು ದಿನ ಆ ತಟ್ಟೆ ಎತ್ತಿಡಿ, ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

ಖಜಾಲ್ ಬಾಗಿಲ ಕಡೆ ನೋಡುತ್ತಲೇ ಹೇಳಿದಳು. ಬೆಳಗಿನಿಂದ ಗುಡ್ಡದ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿತ್ತು. ಗಡಿಯಾಚೆಯ ಸೈನಿಕರು ನಿನ್ನೆ ಕೆಳಗಿನ ಹಳ್ಳಿಗೆ ನುಗ್ಗಿ, ಹೆಚ್ಚಿನ ಊಟ ಕಂಡ ಮನೆಯ ಗಂಡಸನ್ನು, ಬೆಟ್ಟದ ಬಂಡುಕೋರರಿಗೆ ಅನ್ನ ಹಾಕುತ್ತೀಯೆಂದು ಎಳೆದೊಯ್ದಿದ್ದರು. ಹೋದವನು ಬಂದಿರಲಿಲ್ಲ...

ಅತ್ತೆ ಪೆರಿಖಾನ್ ತಲೆಯೆತ್ತಲಿಲ್ಲ. ತಂದೂರಿನಿಂದ ತೆಗೆದ ರೊಟ್ಟಿ, ಗೋಧಿ ನುಚ್ಚು, ಮಜ್ಜಿಗೆ ಎಲ್ಲವನ್ನೂ ನಾಲ್ಕನೆಯ ತಟ್ಟೆಯ ಮುಂದೆ ಜೋಡಿಸಿದಳು.

"ಬರೋರ ಪಾಲು ತೆಗೆದಿಡದೆ ಈ ಮನೇಲಿ ಯಾರೂ ತುತ್ತು ಎತ್ತಿಲ್ಲ. ನಿನ್ನ ತವರಲ್ಲಿ ಬಾಗಿಲು ಹಾಕ್ಕೊಂಡು ತಿಂತಿದ್ರೇನೋ. ಮೂರು ವರ್ಷ ಆಯ್ತು, ಇನ್ನೂ ಬುದ್ಧಿ ಬಂದಿಲ್ಲ ನಿಂಗೆ."

"ಬೇವಾರ್, ನೀವಾದ್ರೂ ಹೇಳಿ."

"ಅಮ್ಮನ ಹತ್ರ ವಾದ ಮಾಡಿ ಗೆದ್ದೋರುಂಟಾ? ಬಾ, ಊಟ ಮಾಡು," ಎಂದು ಗಂಡ ನಕ್ಕ.

ಆ ನಗು ಮುಗಿಯುವ ಮುನ್ನ ಬಾಗಿಲು ಒದ್ದ ಸದ್ದಾಯಿತು. ಬೂಟುಗಾಲುಗಳು ನೆಲಕ್ಕೆ ಹಾಸಿದ್ದ ಕಂಬಳಿ ತುಳಿದುಕೊಂಡೇ ಒಳಬಂದವು. ಅಧಿಕಾರಿಯ ಮಾತನ್ನು ಜೊತೆಗಿದ್ದ ದುಭಾಷಿ ಹೇಳಿದ.

"ಮೂರು ಜನ, ನಾಲ್ಕು ತಟ್ಟೆ. ಇದ್ಯಾರಿಗೆ?"

"ಅತಿಥಿಗೆ," ಎಂದ ಬೇವಾರ್.

"ಯಾವ ಅತಿಥಿ?"

"ಯಾರು ಬಂದ್ರೆ ಅವರಿಗೆ."

ಬೇವಾರ್‌ನ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಖಜಾಲ್ ಅಡ್ಡ ಬಂದಳು. ಯಾರೋ ಅವಳನ್ನು ಗೋಡೆಗೆ ತಳ್ಳಿದರು.

ಆಗ ಪೆರಿಖಾನ್ ನಿಲುವಂಗಿಗೆ ಕೈಯೊರೆಸಿಕೊಂಡು ಎದ್ದು ನಿಂತಳು.

"ಅವನನ್ನ ಬಿಡಿ. ಬೆಟ್ಟದೋರಿಗೆ ಉಣಿಸೋಳು ನಾನು. ಇವರಿಬ್ಬರೂ ಬೇಡ ಬೇಡ ಅಂತ ದಿನಾ ಜಗಳ ಆಡ್ತಾರೆ. ಈಗಲೂ ಅದೇ ನಡೀತಿತ್ತು. ಬೇಕಾದ್ರೆ ನನ್ನ ಸೊಸೇನೇ ಕೇಳಿ."

ದುಭಾಷಿ ಖಜಾಲ್ ಕಡೆ ತಿರುಗಿದ. ಅತ್ತೆಯ ಕಣ್ಣು ಅವಳನ್ನೇ ನೋಡುತ್ತಿತ್ತು. ಅಷ್ಟು ಬೇಡಿಕೊಳ್ಳುವ ಕಣ್ಣನ್ನು ಖಜಾಲ್ ಎಂದೂ ಕಂಡಿರಲಿಲ್ಲ. ಗಂಡನೋ, ಅತ್ತೆಯೋ...

"ಹೌದು. ದಿನಾ ಹೇಳ್ತೀನಿ. ಇವರು ಕೇಳಲ್ಲ," ಎಂದಳು.

"ಖಜಾಲ್..." ಎಂದು ಬೇವಾರ್ ಕಿರುಚಿದ. ಅವನ ಕಟ್ಟು ಬಿಚ್ಚಿ ಮುದುಕಿಯ ಕೈ ಕಟ್ಟಿದರು. ಹೊಸ್ತಿಲಲ್ಲಿ ಪೆರಿಖಾನ್ ಒಂದು ಗಳಿಗೆ ನಿಂತಳು.

"ನುಚ್ಚು ಆರೋಗುತ್ತೆ. ನೀನೂ ಉಣ್ಣು, ಮಗಳೇ."

ಮಗಳೇ ಎಂದು ಕರೆದದ್ದು ಅದೇ ಮೊದಲು.

ಮರುದಿನ ಸಂಜೆ ಗುಡ್ಡದ ಮೇಲೆ ಮತ್ತೆ ಹೆಲಿಕಾಪ್ಟರ್ ಸದ್ದು. ಖಜಾಲ್ ಎಂದಿನಂತೆ ನಾಲ್ಕು ತಟ್ಟೆ ಇಟ್ಟಳು.

"ಹುಚ್ಚು ಹಿಡೀತಾ ನಿಂಗೆ? ಇರೋದು ಇಬ್ಬರು," ಎಂದ ಬೇವಾರ್.

"ಒಂದು ಅತಿಥಿದು. ಒಂದು ಅತ್ತೇದು."

ಅವನು ಬಾಗಿಲಿಗೆ ಅಗುಳಿ ಹಾಕಲು ಎದ್ದ. ಖಜಾಲ್ ಅವನ ತೋಳು ಹಿಡಿದು ಕೂರಿಸಿ ರೊಟ್ಟಿ ಮುರಿದಳು.