ಜೋಡಿಯಿಲ್ಲದ ಎರಡು ಎಂಜಿನ್

ಅಬು ನಾಸರ್‌ನ ಕ್ಯಾಟಮರಾನಿಗೆ ಯಾವ ಎಂಜಿನ್ ಹಾಕಬೇಕು ಎಂಬ ಜಗಳ ಎರಡು ತಿಂಗಳಿಂದ ನಡೆದಿತ್ತು. ಆ ಶುಕ್ರವಾರ ಅದನ್ನು ಮುಗಿಸಿಯೇ ಬಿಡಬೇಕೆಂದು ಮೂವರು ಕುವೈತಿನ ಖಿರಾನ್‌ನ ದೋಣಿ ಅಂಗಳದಲ್ಲಿ ಸೇರಿದ್ದರು. ಅಷ್ಟರಲ್ಲಿ ಮರೀನಾಳ ಫೋನ್ ಬಡಿದುಕೊಂಡಿತು.

"ಮರೀನಾ, ಎಂಜಿನ್ ಸತ್ತಿದೆ." ಅದು ಅವಳ ಗಂಡ ಜೋಕಿಮ್‌ನ ದನಿ. ಹಿಂದೆ ಗಾಳಿ ಕಿರುಚುತ್ತಿತ್ತು. "ಲಂಗರು ಹಿಡೀತಾ ಇಲ್ಲ. ಕಾರೂ ದ್ವೀಪ ದಾಟಿ ಹೊರಗೆ ಹೋಗ್ತಾ ಇದ್ದೇವೆ. ಅಬು ನಾಸರ್‌ಗೆ ಭುಜಕ್ಕೆ ಪೆಟ್ಟಾಗಿದೆ. ಒಳಗೆ ನೀರು..."

ಮಾತು ಅಲ್ಲಿಗೇ ಕಡಿಯಿತು. ಅವಳು ಮತ್ತೆ ಮತ್ತೆ ಒತ್ತಿದಳು. ಆ ಕಡೆಯಿಂದ ಏನೂ ಬರಲಿಲ್ಲ.

ಹವಳದ ಮೇಲೆ ಬಿದ್ದು ಮೀನುಗಳನ್ನು ಕೊಲ್ಲುವ ಹಳೆಯ ಬಲೆಗಳನ್ನು ಮುಳುಗಿ ಎತ್ತಿ ತರುವುದು ಅವರ ಪುಟ್ಟ ತಂಡದ ರಜಾದಿನದ ಕೆಲಸ. ನಿವೃತ್ತ ಕುವೈತಿ ಅಬು ನಾಸರ್ ಅದನ್ನು ಕಟ್ಟಿದವನು. ಹವಲ್ಲಿಯ ಆಫೀಸೊಂದರಲ್ಲಿ ದುಡಿಯುವ ಜೋಕಿಮ್, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮರೀನಾ ಅವನ ಕೂಡೆ ಮುಳುಗುವವರು. ಇದೇ ಕೆಲಸಕ್ಕೆಂದು ಅವನು ಕೊಂಡದ್ದು ಈ ಕ್ಯಾಟಮರಾನು: ಎರಡು ಸಪೂರ ಒಡಲು, ಅವನ್ನು ಸೇರಿಸುವ ಒಂದು ಅಗಲ ಅಟ್ಟ, ಪ್ರತಿ ಒಡಲಿನ ಹಿಂದೆಯೂ ಒಂದೊಂದು ಎಂಜಿನ್ನಿಗೆ ಜಾಗ. ಅದು ಸಿದ್ಧವಾಗುವ ತನಕ ಬಾಡಿಗೆಯ ಒಂಟಿ ಎಂಜಿನ್ ದೋಣಿ. ಆ ಬೆಳಿಗ್ಗೆ ಅವನೂ ಜೋಕಿಮನೂ ಹೊರಟದ್ದು ಅದರಲ್ಲೇ.

ಅಂಗಳದಲ್ಲಿದ್ದ ಇನ್ನಿಬ್ಬರಲ್ಲಿ ಕ್ಲೆಮೆಂಟ್ ಎಂಜಿನ್ ಮಾರುವ ಕಂಪನಿಯವನು. ನೂರೈವತ್ತು ಕುದುರೆಶಕ್ತಿಯ ಜೋಡಿಯೇ ಬೇಕೆಂದು ಅವನ ವಾದ. ಫರ್ವಾನಿಯಾದಿಂದ ಬಂದಿದ್ದ ಮೆಕ್ಯಾನಿಕ್ ಯಶೋಧರನದು ಬೇರೆ ಮಾತು: ಈ ಒಡಲಿಗೆ ಅಷ್ಟು ಭಾರ ಬೇಡ, ಎಪ್ಪತ್ತರ ಜೋಡಿ ಸಾಕು. ನೇತುಹಾಕಿ ಅಳತೆ ನೋಡೋಣವೆಂದು ಒಂದೊಂದನ್ನೇ ತಂದಿದ್ದರು. ಎಡ ಒಡಲಿಗೆ ದೊಡ್ಡದು, ಬಲಕ್ಕೆ ಚಿಕ್ಕದು.

ಮರೀನಾ ಕರಾವಳಿ ಕಾವಲಿನವರಿಗೆ ಫೋನ್ ಮಾಡಿದಳು. ಅವರ ದೋಣಿ ಉತ್ತರದಲ್ಲಿ ಕುಬ್ಬರ್ ದ್ವೀಪದ ಬಳಿ ಇನ್ನೊಂದು ಕುಟುಂಬವನ್ನು ಎತ್ತುತ್ತಿತ್ತು. ಅದು ಮುಗಿದ ಕೂಡಲೇ ಬರುತ್ತೇವೆ ಎಂದರು. ಖಿರಾನ್ ಕಡೆ ಯಾರ ದೋಣಿಯಾದರೂ ಸಿದ್ಧವಿದ್ದರೆ ಹೊರಡಲಿ, ವಯರ್‌ಲೆಸ್ ತೆರೆದಿರಲಿ ಎಂದರು.

"ಬೇರೆ ದೋಣಿ ಎಲ್ಲಿ ಉಂಟು?" ಮರೀನಾ ಸುತ್ತ ನೋಡಿದಳು. ಅವರಿಬ್ಬರು ಹೊರಟ ಮೇಲೆ ಮರುಭೂಮಿಯ ಶಮಾಲ್ ಬಿರುಗಾಳಿಯ ಎಚ್ಚರಿಕೆ ಬಂದಿದ್ದರಿಂದ ಅಂಗಳದ ದೋಣಿಗಳೆಲ್ಲ ಹೊದಿಕೆ ಹೊದ್ದು ಒಣನೆಲದಲ್ಲಿ ಕೂತಿದ್ದವು. "ಇದನ್ನೇ ಇಳಿಸುವ."

"ಇದನ್ನಾ?" ಕ್ಲೆಮೆಂಟ್ ಬೆಚ್ಚಿದ. "ಒಂದು ಆನೆ, ಒಂದು ಆಡು ಕಟ್ಟಿದ ಹಾಗೆ ಉಂಟು!"

"ಮರೀನಕ್ಕ, ಬೋಲ್ಟಿಗೆ ನೀರು ತಡೆಯುವ ಗಮ್ ಹಾಕಿಲ್ಲ," ಎಂದ ಯಶೋಧರ. "ಅಳತೆಗೆ ಅಂತ ಬಿಗಿದದ್ದು ಅಷ್ಟೆ. ಸ್ಟಿಯರಿಂಗ್ ಕೂಡ ದೊಡ್ಡದಕ್ಕೆ ಮಾತ್ರ ಜೋಡಿಸಿದ್ದು."

"ನಡೀತದಾ ಇಲ್ವಾ, ಅಷ್ಟು ಹೇಳು ಯಶು."

ಅವನು ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿದು ನೋಡಿದ. "ನಡೀಬಹುದು. ಹೋಗುವ."

ಚಿಕ್ಕ ಎಂಜಿನ್ನನ್ನು ನೇರಕ್ಕೆ ನಿಲ್ಲಿಸಿ ಹಗ್ಗದಿಂದ ಕಟ್ಟಿದರು. ಪೆಟ್ರೋಲ್ ಕ್ಯಾನು, ನೀರಿನ ಕ್ಯಾನು, ಕಂಬಳಿ, ಮರೀನಾಳ ಔಷಧದ ಚೀಲ ಒಳಗೆ ಬಿದ್ದವು. ಪಿಕಪ್ ಹಿಂದಕ್ಕೆ ಸರಿಯಿತು, ದೋಣಿ ನೀರಿಗಿಳಿಯಿತು. ಎರಡು ಎಂಜಿನ್‌ಗಳೂ ಒಂದೇ ಏಟಿಗೆ ಹೊತ್ತಿದವು, ಎರಡು ಬೇರೆ ಬೇರೆ ದನಿಯಲ್ಲಿ.

ಖಿರಾನ್‌ನ ಕಾಲುವೆಗಳ ಬಿಳಿ ಮನೆಗಳು ಹಿಂದೆ ಸರಿದಾಗ ಸಮುದ್ರ ಇನ್ನೂ ಹಸಿರಾಗಿಯೇ ಇತ್ತು. ಕೆಳಗಿನ ಮರಳು ಅಲ್ಲಲ್ಲಿ ತಿಳಿಯಾಗಿ ಕಾಣುತ್ತಿತ್ತು. ಆದರೆ ವಾಯವ್ಯದ ಕಡೆ ಆಕಾಶವೇ ಇರಲಿಲ್ಲ. ಮರುಭೂಮಿಯ ಧೂಳು ಕಂದು ಗೋಡೆಯಂತೆ ಎದ್ದು ನೀರಿನ ಮೇಲೆ ಬಾಗಿತ್ತು. ಸೂರ್ಯ ಹಳೆಯ ತಾಮ್ರದ ಬಿಲ್ಲೆಯಾಗಿದ್ದ. ಗಾಳಿ ಹಿಡಿದಲ್ಲೆಲ್ಲ ಹಸಿರು ಬೂದಿಯಾಗುತ್ತ, ಬೂದಿಯ ಮೇಲೆ ಬಿಳಿ ನೊರೆ ಒಡೆಯುತ್ತ, ಅಲೆಗಳು ಸಾಲುಗಟ್ಟಿ ಆಗ್ನೇಯಕ್ಕೆ ಓಡುತ್ತಿದ್ದವು. ಜೋಕಿಮ್ ಇದ್ದದ್ದೂ ಆ ಕಡೆಯೇ.

ಆಳಕ್ಕೆ ಬಂದೊಡನೆ ದೋಣಿ ಹಟ ಹಿಡಿಯಿತು. ಎಡಗಡೆಯ ದೊಡ್ಡ ಎಂಜಿನ್ ಮೂತಿಯನ್ನು ಬಲಕ್ಕೇ ತಳ್ಳುತ್ತಿತ್ತು. ಎಡ ಒಡಲಿನ ಹಿಂಭಾಗ ತಗ್ಗಿ, ಬಲಗಡೆಯದು ಮೇಲೆದ್ದು, ಚಿಕ್ಕ ಎಂಜಿನ್ನಿನ ಪ್ರೊಪೆಲ್ಲರ್ ಪ್ರತಿ ಅಲೆಗೂ ಗಾಳಿ ಕಚ್ಚಿ ಅರಚುತ್ತಿತ್ತು.

"ದೊಡ್ಡದರ ವೇಗ ಇಳಿಸಿ ಮರೀನಕ್ಕ! ಚಿಕ್ಕದನ್ನು ಪೂರ್ತಿ ಕೊಡಿ!" ಯಶೋಧರ ಕೂಗಿದ. "ಕ್ಲೆಮೆಂಟ್ರೇ, ಕ್ಯಾನೆಲ್ಲ ಬಲದ ಮುಂದಕ್ಕೆ! ನೀವೂ ಅಲ್ಲೇ ಕೂತ್ಕೊಳ್ಳಿ!"

ಕ್ಲೆಮೆಂಟ್ ಕ್ಯಾನುಗಳನ್ನು ಎಳೆದೊಯ್ದು ಅವುಗಳ ಮೇಲೆ ಕವುಚಿ ಮಲಗಿದ. ಪ್ರತಿ ಅಲೆಯೂ ಅವನ ಬೆನ್ನ ಮೇಲೆ ಒಡೆಯುತ್ತಿತ್ತು. ಮರೀನಾ ಎರಡು ಲಿವರ್‌ಗಳನ್ನು ಎರಡು ಮಟ್ಟದಲ್ಲಿ ಹಿಡಿದು, ಒಂದನ್ನು ತಳ್ಳಿ ಇನ್ನೊಂದನ್ನು ಎಳೆದು, ದೋಣಿಯನ್ನು ಬಗ್ಗಿಸುವುದನ್ನು ಕಲಿತಳು. ಬೇರೇನೂ ಯೋಚಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ಕಾರೂ ಒಂದು ಹಿಡಿ ಮರಳು. ಅಷ್ಟೇ ಆ ದ್ವೀಪ. ಅದರ ಸುತ್ತ ಹವಳದ ಮೇಲೆ ಅಲೆ ಬಿಳಿಯಾಗಿ ಸಿಡಿಯುತ್ತಿತ್ತು. ಅಲ್ಲಿ ದೋಣಿ ಇರಲಿಲ್ಲ.

"ಗಾಳಿಯ ಬೆನ್ನಿಗೆ ಹೋಗುವ," ಎಂದಳು ಮರೀನಾ. ಅವಳ ತುಟಿ ಒಣಗಿ ಬಿಳಚಿತ್ತು. "ಗಾಳಿ ಅವರನ್ನು ಕೊಂಡುಹೋದ ಕಡೆಗೇ."

ಅಷ್ಟರಲ್ಲಿ ಧೂಳು ಅವರ ಮೇಲೆ ಬಿತ್ತು. ನಾಲ್ಕು ಅಲೆಗಳಾಚೆ ಏನೂ ಕಾಣದು. ಹಲ್ಲಿನ ನಡುವೆ ಮರಳು, ಕಣ್ಣಲ್ಲಿ ಉಪ್ಪು. ಮರೀನಾ ಎಡಕ್ಕೂ ಬಲಕ್ಕೂ ಅಂಕುಡೊಂಕಾಗಿ ಹುಡುಕುತ್ತ ಹೋದಳು. ಕ್ಲೆಮೆಂಟ್ ಶಿಳ್ಳೆ ಊದಿದ, ಕಿವಿಗೊಟ್ಟ, ಮತ್ತೆ ಊದಿದ. ಗಾಳಿಯ ಹೊರತು ಉತ್ತರವಿಲ್ಲ. ಒಮ್ಮೆ ಕಿತ್ತಳೆ ಬಣ್ಣ ಕಂಡಂತಾಗಿ ಅತ್ತ ಧಾವಿಸಿದರು. ಅದು ಯಾವುದೋ ಬಲೆಯ ಹರಿದ ತೇಲುಗುಂಡು. ಮರೀನಾ ಅದನ್ನು ನೋಡಿ ಒಂದು ಕ್ಷಣ ಸ್ಟಿಯರಿಂಗ್ ಮೇಲೆ ಹಣೆಯಿಟ್ಟಳು.

"ಅಕ್ಕ," ಎಂದ ಯಶೋಧರ ಮೆಲ್ಲಗೆ, "ಎಡದ ಒಡಲಿಗೆ ನೀರು ಬರ್ತಾ ಉಂಟು. ಪಂಪು ಓಡ್ತಾನೇ ಉಂಟು."

"ಇನ್ನು ಸ್ವಲ್ಪ."

"ಆಯ್ತು. ಇನ್ನು ಸ್ವಲ್ಪ."

ಆಗ ಕ್ಲೆಮೆಂಟ್ ಕೈ ಎತ್ತಿದ. "ಶಿಳ್ಳೆ! ನನ್ನದಲ್ಲ, ಅಲ್ಲಿ!"

ಬಾಡಿಗೆ ದೋಣಿ ಅಂಚಿನವರೆಗೂ ಮುಳುಗಿತ್ತು. ಅದರ ಮೂತಿ ಮಾತ್ರ ನೀರಿನ ಮೇಲಿತ್ತು. ಜೋಕಿಮ್ ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಅಬು ನಾಸರ್‌ನ ಲೈಫ್ ಜಾಕೆಟ್ಟನ್ನೂ ಹಿಡಿದು ನೇತಾಡುತ್ತಿದ್ದ. ಅವನ ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು.

"ಮೊದಲು ಇವರನ್ನು!" ಅವನ ದನಿ ಬರೀ ಉಸಿರು.

ಮರೀನಾ ಗಾಳಿಗೆ ಮುಖ ಕೊಟ್ಟು, ಇಂಚಿಂಚೇ ಹತ್ತಿರ ತಂದಳು. ಕ್ಲೆಮೆಂಟ್ ಹೊಟ್ಟೆಯ ಮೇಲೆ ಮಲಗಿ ಮುದುಕನ ಜಾಕೆಟ್ಟಿನ ಪಟ್ಟಿ ಹಿಡಿದ. ಅಲೆ ಎತ್ತಿಕೊಟ್ಟ ಕ್ಷಣದಲ್ಲಿ ಎಳೆದ. ಮುರಿದ ಭುಜದ ನೋವಿಗೆ ಅಬು ನಾಸರ್ ಚೀರಿದ. ಬಳಿಕ ಯಶೋಧರ ಜೋಕಿಮ್‌ನನ್ನು ಎಳೆದುಕೊಂಡ.

ಅದೇ ಗಳಿಗೆಯಲ್ಲಿ ಮುಳುಗಿದ ದೋಣಿ ಮಗುಚಿತು. ಬೆಳಿಗ್ಗೆಯಿಂದ ಅವರು ಹವಳದಿಂದ ಬಿಡಿಸಿ ಪೇರಿಸಿದ್ದ ಬಲೆಯೆಲ್ಲ ಹೊರಕ್ಕೆ ಚೆಲ್ಲಿ ಕ್ಯಾಟಮರಾನಿನ ಕೆಳಗೆ ಹರಡಿತು. ಢಬ್ ಎಂದು ಒಂದು ಸದ್ದು. ದೊಡ್ಡ ಎಂಜಿನ್ ನಿಂತುಹೋಯಿತು.

ಮರೀನಾ ಕೀಲಿ ತಿರುಗಿಸಿದಳು. ಅದು ನರಳಿ ಸುಮ್ಮನಾಯಿತು.

"ಬಲೆ ಸುತ್ತಿದೆ," ಎಂದ ಜೋಕಿಮ್. ನಡುಗುತ್ತಲೇ ಸೊಂಟದ ಚಾಕು ತಡಕಾಡಿದ. "ನಾನು ಇಳಿದು ಕೊಯ್ತೇನೆ."

"ನೀನು ಕೂತ್ಕೋ!" ಮರೀನಾ ಗದರಿದಳು. "ಇಳಿದರೆ ನೀನು ಮೇಲೆ ಬರುವುದಿಲ್ಲ."

"ಕೊಯ್ದರೂ ಪ್ರಯೋಜನ ಇಲ್ಲ," ಎಂದ ಯಶೋಧರ. ಅವನು ಎಡ ಒಡಲಿನ ಮುಚ್ಚಳ ತೆಗೆದಿದ್ದ. ಒಳಗೆ ನೀರು ಮೊಣಕಾಲು ಮುಟ್ಟುವಷ್ಟಿತ್ತು. "ಭಾರಕ್ಕೆ ಹಿಂಬದಿ ಕುಸಿದು ಬೋಲ್ಟಿನ ತೂತೆಲ್ಲ ನೀರಿನ ಕೆಳಗೆ ಹೋಗಿದೆ. ಗಮ್ ಇಲ್ಲ ಅಲ್ವಾ. ಬಿಗಿದದ್ದು ಹಿಡೀಬಹುದು ಅಂತ ನಾನು ಎಣಿಸಿದ್ದೆ. ಹಿಡೀಲಿಲ್ಲ."

ಲಂಗರು ಎಸೆದರು. ನೀರಿನ ಕ್ಯಾನುಗಳನ್ನು ಎಸೆದರು. ಎಡಗಡೆ ಮೇಲೇಳಲಿಲ್ಲ. ಒಂದು ಅಲೆ ಹಿಂದಿನಿಂದ ಹತ್ತಿ ಸೀದಾ ಒಳಗೆ ಸುರಿಯಿತು. ಅಬು ನಾಸರ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳತೊಡಗಿದ. ಮರೀನಾಳೂ ತಾನು ಪಿಸುಗುಟ್ಟುತ್ತಿರುವುದನ್ನು ಆಗಷ್ಟೇ ಗಮನಿಸಿದಳು.

ಯಶೋಧರ ಕ್ಲೆಮೆಂಟನ ಕಡೆ ನೋಡಿದ. ಬಳಿಕ ಸತ್ತ ದೊಡ್ಡ ಎಂಜಿನ್ನಿನ ಕಡೆ ನೋಡಿದ.

ಆ ಎಂಜಿನ್ ಕ್ಲೆಮೆಂಟನ ಸಹಿಯ ಮೇಲೆ ಗೋದಾಮಿನಿಂದ ಹೊರಬಂದದ್ದು. ಈ ದೇಶದಲ್ಲಿರಲು ಬೇಕಾದ ಅವನ ಇಕಾಮಾ ಪರವಾನಗಿ ಇದ್ದದ್ದು ಅದೇ ಕಂಪನಿಯ ಹೆಸರಲ್ಲಿ. ಊರಿನಲ್ಲಿ ಮಗಳ ಕಾಲೇಜು ನಡೆಯುತ್ತಿದ್ದದ್ದು ಅದೇ ಸಂಬಳದಲ್ಲಿ. ಎರಡು ತಿಂಗಳು ಇದೇ ಎಂಜಿನ್ನನ್ನು ಅವನು ಮಗುವಿನಂತೆ ಹೊಗಳಿದ್ದ. ಅವನು ಒದ್ದೆ ಮುಖವನ್ನು ಅಂಗೈಯಿಂದ ಒರೆಸಿಕೊಂಡ.

"ಬಿಚ್ಚು ಮಾರಾಯ," ಎಂದ. "ಏನು ನೋಡ್ತಿ? ಬಿಚ್ಚು!"

ಹೇಳಿದವನೇ ಸ್ಪ್ಯಾನರ್ ಹಿಡಿದು ಒಡಲೊಳಗಿನ ನೀರಿಗೆ ಇಳಿದ. ನಟ್ಟುಗಳು ಇದ್ದದ್ದು ಒಳಗೆ. ಯಶೋಧರ ಹೊರಗೆ, ದೋಣಿಯ ಹಿಂತುದಿಯಲ್ಲಿ ಕವುಚಿ, ಬೋಲ್ಟಿನ ತಲೆಗಳನ್ನು ಹಿಡಿದ. ಅಲೆ ಬಂದಾಗ ಅವನ ತಲೆ ಪೂರ್ತಿ ನೀರಿನೊಳಗೆ ಹೋಗುತ್ತಿತ್ತು. ಜೋಕಿಮ್ ಅವನ ಕಾಲುಗಳ ಮೇಲೆ ಕೂತಿದ್ದ.

ಒಂದು ಬೋಲ್ಟು ಬಂತು. ಇನ್ನೊಂದು.

ಮೂರನೆಯದು ತುಸು ತಡೆದು ಬಂತು. ಕೊನೆಯದು ಎಂಜಿನ್ನಿನ ಭಾರಕ್ಕೆ ಬಾಗಿ ಕಚ್ಚಿಕೊಂಡಿತ್ತು.

"ಸುತ್ತಿಗೆ!" ಕ್ಲೆಮೆಂಟ್ ಒಳಗಿಂದ ಕೂಗಿದ. ಮರೀನಾ ಎಸೆದಳು. ಅವನು ನಟ್ಟನ್ನು ತುದಿಗೆ ತಂದು, ಕತ್ತಿನವರೆಗಿನ ನೀರಿನಲ್ಲಿ ಕೂತು ಹೊಡೆದ. ಮತ್ತೆ ಹೊಡೆದ.

ಬೋಲ್ಟು ಹಾರಿತು. ಎಂಜಿನ್ ಹಿಂದಕ್ಕೆ ಬಾಗಿ ಜಾರಿತು.

"ಕೈ! ಕೈ!"

ಸ್ಟಿಯರಿಂಗಿನ ಕೇಬಲ್ಲು ಯಶೋಧರನ ಮುಂಗೈಗೆ ಸುತ್ತಿಕೊಂಡು ಅವನನ್ನು ಸೊಂಟದವರೆಗೆ ನೀರಿಗೆಳೆಯಿತು. ಜೋಕಿಮ್ ಮುಂದಕ್ಕೆ ಬಿದ್ದು ಬಲೆ ಕೊಯ್ಯುವ ಚಾಕುವಿನಿಂದ ಕೇಬಲ್ಲಿನ ಮೇಲೆ ಎಳೆದ. ಪ್ಲಾಸ್ಟಿಕ್ ಸುಲಿಯಿತು, ಒಳಗಿನ ತಂತಿ ಕಡಿಯಲಿಲ್ಲ. ಮತ್ತೆ ಎಳೆದ. ಯಶೋಧರನ ಬಾಯಿ ನೀರಿನ ಮಟ್ಟಕ್ಕೆ ಬಂದಿತ್ತು. ಮೂರನೆಯ ಎಳೆತಕ್ಕೆ ತಂತಿ ಪಟ್ಟನೆ ಹರಿಯಿತು.

ಬಿಳಿಯ ದೊಡ್ಡ ಎಂಜಿನ್ ಬಲೆಯ ಸೆರಗನ್ನು ಎಳೆದುಕೊಂಡು ಹಸಿರು ಕತ್ತಲಲ್ಲಿ ಇಳಿದುಹೋಯಿತು. ದೋಣಿಯ ಎಡಬದಿ ಮುಳುಗಿದ್ದ ಎಮ್ಮೆ ಎದ್ದಂತೆ ಮೇಲೆದ್ದಿತು. ಕ್ಲೆಮೆಂಟ್ ತನ್ನ ಅಂಗಿ ಹರಿದು ನಾಲ್ಕೂ ತೂತುಗಳಿಗೆ ತುರುಕಿದ. ಪಂಪಿನ ನೀರು ಹೊರಗೆ ಚಿಮ್ಮುತ್ತಲೇ ಇತ್ತು. ಈಗ ಒಳಗಿನ ನೀರು ಬೆರಳಷ್ಟು ಬೆರಳಷ್ಟೇ ಇಳಿಯತೊಡಗಿತು.

ಉಳಿದದ್ದು ಎಪ್ಪತ್ತರ ಒಂಟಿ ಎಂಜಿನ್. ಸ್ಟಿಯರಿಂಗ್ ಇಲ್ಲ. ಯಶೋಧರ ಅದರ ಕಟ್ಟು ಬಿಚ್ಚಿ, ಉದ್ದದ ಹುಟ್ಟೊಂದನ್ನು ಅಡ್ಡ ಬಿಗಿದು, ಅದನ್ನೇ ಚುಕ್ಕಾಣಿ ಮಾಡಿಕೊಂಡು ಹಿಂದೆ ಕೂತ. ಅವನ ಮುಂಗೈಯಿಂದ ರಕ್ತ ಸೋರುತ್ತಿತ್ತು. ಮರೀನಾ ಮುಂದೆ ನಿಂತು ಲಿವರ್ ಹಿಡಿದಳು. ಖಿರಾನ್ ದೂರ. ನಡುವೆ ಉಮ್ಮುಲ್ ಮರಾದಿಮ್ ದ್ವೀಪವಿತ್ತು. ಅದರ ಮರೆಗೆ ಸೇರಿದರೆ ಅಲೆ ತಗ್ಗುತ್ತದೆ. ವಯರ್‌ಲೆಸ್‌ನಲ್ಲಿ ಅವಳು ಆ ಹೆಸರನ್ನು ಮೂರು ಸಲ ಹೇಳಿದಳು. ಕೇಳಿಸಿತೋ ಇಲ್ಲವೋ, ಬರೀ ಗರಗರ.

"ಬಲಕ್ಕೆ ಯಶು... ಸಾಕು. ಎಡಕ್ಕೆ... ಹಿಡಿ, ಹಿಡಿ!"

ಅಲೆಗಳು ಬಲಬದಿಗೆ ಬಡಿಯುತ್ತಿದ್ದವು. ಪ್ರತಿ ಏಟಿಗೂ ಅಟ್ಟದ ಕೆಳಗೆ ಬಾಗಿಲು ಬಡಿದಂಥ ಸದ್ದು. ಜೋಕಿಮ್ ಕಂಬಳಿಯೊಳಗೆ ಅಬು ನಾಸರ್‌ನನ್ನು ಅಪ್ಪಿಕೊಂಡು ಕೂತಿದ್ದ. ಮುದುಕ ನಡುಗುವುದನ್ನು ನಿಲ್ಲಿಸಿದಾಗ ಮರೀನಾ ತಿರುಗದೆಯೇ ಕೂಗಿದಳು:

"ಮಾತಾಡಿಸು! ನಿದ್ದೆ ಮಾಡಲಿಕ್ಕೆ ಬಿಡಬೇಡ!"

ಜೋಕಿಮ್ ಅರಬ್ಬಿಯಲ್ಲಿ, ಹಿಂದಿಯಲ್ಲಿ, ಅದೂ ಮುಗಿದಾಗ ಕೊಂಕಣಿಯಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ಬರಿಮೈಯ ಕ್ಲೆಮೆಂಟ್ ಪೆಟ್ರೋಲ್ ಟ್ಯಾಂಕಿಗೆ ತನ್ನ ಬೆನ್ನನ್ನೇ ಛಾವಣಿ ಮಾಡಿ, ಒಂದು ಹನಿ ಉಪ್ಪುನೀರೂ ಬೀಳದಂತೆ ಕ್ಯಾನು ಸುರಿದ. ಚಿಕ್ಕ ಎಂಜಿನ್ ಒಮ್ಮೆ ಕೆಮ್ಮಿತು. ಐವರೂ ಉಸಿರು ಹಿಡಿದರು. ಮತ್ತೆ ಕೆಮ್ಮಿತು. ಆಮೇಲೆ ಅದೇ ಹಳೆಯ ದನಿ ಹಿಡಿದು ಓಡಿತು.

ಧೂಳಿನೊಳಗೆ ಮೊದಲು ತಗ್ಗಿದ್ದು ಅಲೆ. ನಂತರ ಒಂದು ತಗ್ಗು ದಡ ಕಂಡಿತು. ಅದರಾಚೆ ನೀಲಿ ದೀಪ ತಿರುಗುತ್ತಿತ್ತು. ಕರಾವಳಿ ಕಾವಲಿನ ದೋಣಿ ಅವರ ಮಾತು ಕೇಳಿಸಿಕೊಂಡು ಅಲ್ಲಿಗೇ ಬಂದಿತ್ತು.

ಅಬು ನಾಸರ್‌ನನ್ನು ಸ್ಟ್ರೆಚರಿಗೆ ಕಟ್ಟಿ ದಾಟಿಸುವಾಗ ಅವನು ಕಣ್ಣು ತೆರೆದ. ಎಂಜಿನ್ನಿಲ್ಲದೆ ಬೋಳಾಗಿದ್ದ ಎಡಗಡೆಯನ್ನು ನೋಡಿದ. ಬಲಗಡೆ ಇನ್ನೂ ಗುರುಗುಟ್ಟುತ್ತಿದ್ದ ಚಿಕ್ಕದನ್ನು ನೋಡಿದ.

"ಕ್ಲೆಮೆಂಟ್," ಎಂದ ಹರಕು ಹಿಂದಿಯಲ್ಲಿ, "ಇದರದೇ ಜೋಡಿ ತರಿಸು. ಖಲಾಸ್."

"ತರಿಸ್ತೇನೆ ಬಾಬಾ," ಎಂದ ಕ್ಲೆಮೆಂಟ್. "ಆ ಕಂಪನಿಯಲ್ಲಿ ನಾನು ಇನ್ನೂ ಇದ್ದರೆ."

"ನಾನು ಬದುಕಿದ್ದೇನಲ್ಲ," ಎಂದ ಮುದುಕ. "ನಿನ್ನ ಕಂಪನಿಯ ದೊಡ್ಡವನ ಹತ್ತಿರ ನಾನೇ ಮಾತಾಡುತ್ತೇನೆ."

ಕಾವಲಿನವರು ಎಳೆದೊಯ್ಯಲು ಹಗ್ಗ ಕೊಡಲು ಬಂದರು. ಮರೀನಾ ಯಶೋಧರನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಬೇಡ, ಜೊತೆಗೆ ಬಂದರೆ ಸಾಕು ಎಂದಳು ಅವಳು. ಆ ದೋಣಿ ಗಾಳಿಗೆ ಮರೆಯಾಗಿ ಪಕ್ಕದಲ್ಲೇ ನಡೆಯಿತು. ಕ್ಯಾಟಮರಾನು ತನ್ನ ಒಂಟಿ ಎಂಜಿನ್ನಿನಿಂದಲೇ, ಕುಂಟುತ್ತ, ಖಿರಾನ್‌ನ ಕಾಲುವೆ ಸೇರಿತು.

ಯಶೋಧರ ಹಗ್ಗ ಕಟ್ಟಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಕ್ಲೆಮೆಂಟ್ ದಡದಲ್ಲಿ ನಿಂತು ಆಫೀಸಿಗೆ ಫೋನ್ ಮಾಡುತ್ತಿದ್ದ: "ಇಲ್ಲ ಸರ್, ಎಂಜಿನ್ ಬಂದಿಲ್ಲ. ಜನ ಬಂದಿದ್ದಾರೆ. ಹೌದು ಸರ್, ಎಲ್ಲರೂ."

ಮರೀನಾ ಎಂಜಿನ್ ಆರಿಸಿದಳು. ಕಿವಿಯಲ್ಲಿ ಸದ್ದು ಇನ್ನೂ ಓಡುತ್ತಿತ್ತು. ಲಿವರ್ ಬಿಡಲು ಹೋದಳು, ಬಿಡಲಾಗಲಿಲ್ಲ. ಬೆರಳುಗಳು ಮರಗಟ್ಟಿ ಅದಕ್ಕೇ ಅಂಟಿದ್ದವು.

ಜೋಕಿಮ್ ಕಂಬಳಿ ಹೊದ್ದೇ ಪಕ್ಕಕ್ಕೆ ಬಂದು ನಿಂತ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.