ಗುಳ್ಳೆಯಿಲ್ಲದ ಬಾಟಲಿ

ಬೆಳಗಿನ ಎಂಟು ಗಂಟೆಗೆ ಲಾಂಡ್ರಿಯ ಮಾಲೀಕ ಪಂಪ್ ಕೋಣೆಯ ಸ್ವಿಚ್ ಒತ್ತಿದ. ಢಂ ಎಂದಿತು. ಬಾಗಿಲು ಕಿತ್ತುಹೋಗಿ ರಸ್ತೆಗೆ ಬಿತ್ತು. ಹೆಂಡತಿ ಒದ್ದೆ ಬೆಡ್‌ಶೀಟುಗಳನ್ನು ಹೊದಿಸಿ ಬೆಂಕಿ ಆರಿಸಿದಳು. ಅವನ ಮುಖ, ಎರಡೂ ಕೈ ಸುಟ್ಟಿದ್ದವು. ಜೀವ ಇತ್ತು.

ಹತ್ತೂವರೆಗೆ ಇನ್‌ಸ್ಪೆಕ್ಟರ್ ನನ್ನ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಒಂದು ಕಾಗದ. ಅದರ ಕೆಳಗಿನ ಸಹಿ ನನ್ನದು.

“ರೂಮಲ್ಲಿ ಪೆಟ್ರೋಲ್ ಆವಿ ತುಂಬಿತ್ತಂತೆ. ಬಾವಿ ಮೇಲೇ ಕಟ್ಟಿರೋ ರೂಮು. ಎದುರಿಗೇ ಪೆಟ್ರೋಲ್ ಬಂಕು. ಆದ್ರೆ ಬಾವಿ ನೀರು ಶುದ್ಧ ಅಂತ ಆರು ವಾರದ ಹಿಂದೆ ನೀವೇ ಬರ್ಕೊಟ್ಟಿದ್ದೀರಿ.”

“ಹೌದು.”

“ಅಂದ್ಮೇಲೆ ಯಾರೋ ತಂದು ಸುರಿದಿದ್ದಾರೆ. ಅವನ ತಮ್ಮನ್ನ ಹಿಡ್ಕೊಂಡು ಬಂದಿದ್ದೀನಿ. ಅಣ್ಣ ತಮ್ಮ ಮಾತು ಬಿಟ್ಟು ತಿಂಗಳಾಯ್ತು. ಅವನ ಸ್ಕೂಟರಲ್ಲಿ ಪೆಟ್ರೋಲ್ ಕ್ಯಾನ್ ಸಿಕ್ಕಿದೆ. ನಾಳೆ ಕೋರ್ಟಿಗೆ ಹಾಜರ್ ಮಾಡ್ಬೇಕು. ಈ ರಿಪೋರ್ಟ್ ಸರಿಯಿದೆ ಅಂತ ಇನ್ನೊಂದು ಸಹಿ ಹಾಕಿಬಿಡಿ, ಸಾಕು.”

ಪೆನ್ನು ತೆಗೆದೆ. ಕೈ ಮುಂದೆ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಸ್ಥಿತಿ ಹಾಗಿತ್ತು. ಆ ರಿಪೋರ್ಟಿನಲ್ಲಿ ಪೆಟ್ರೋಲ್ ಅಂಶದ ಎಲ್ಲ ಅಂಕಿಗಳೂ ಸೊನ್ನೆ. ಬಂಕಿನ ಎದುರಿನ ಬಾವಿಯ ನೀರು ಅಷ್ಟು ಶುದ್ಧವಾಗಿರುವುದು ಸಾಧ್ಯವೇ? ಈ ಪ್ರಶ್ನೆ ಸಹಿ ಹಾಕುವ ದಿನವೇ ಬಂದಿತ್ತು. ಆದರೂ ಹಾಕಿದ್ದೆ. ಯಾಕೆ ಹಾಕಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

“ಸಂಜೆ ತನಕ ಟೈಮ್ ಕೊಡಿ ಸರ್,” ಎಂದೆ.

* * *

ನೀರಿನ ಮಾದರಿ ತರುವುದು ಗುರುಗಳ ಕೆಲಸ. ಅವರೇನು ಮಠದ ಗುರುಗಳಲ್ಲ. ಮೂವತ್ತು ವರ್ಷದಿಂದ ಬಾವಿ, ಬೋರ್‌ವೆಲ್ ಅಲೆದು ಬಾಟಲಿ ತುಂಬಿಸಿದವರು. ನನಗೆ ಬಾಟಲಿ ಹಿಡಿಯಲು ಕಲಿಸಿದವರು. ಅವರ ಮೂಗೇ ಅರ್ಧ ಪ್ರಯೋಗಾಲಯ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಈ ಸಲ ಅವರಿಗೆ ಹೇಳದೆ ನಾನೇ ಹೋದೆ.

ಲಾಂಡ್ರಿಯಲ್ಲಿ ಮಾಲೀಕನ ಹೆಂಡತಿ ಆಸ್ಪತ್ರೆಗೆ ಬೇಕಾದ ಬಟ್ಟೆ ತುಂಬಿಕೊಳ್ಳುತ್ತಿದ್ದಳು. ಬಟ್ಟೆ ನೆನೆಸುವ ತೊಟ್ಟಿಗಳ ಅಂಚಿಗೆ ಬಿಳಿ ಪೊರೆ ಕಟ್ಟಿತ್ತು. ಗಡಸು ನೀರು. ಬಾವಿಗೆ ಬಾಟಲಿ ಇಳಿಸಿ ಮೇಲೆತ್ತಿದೆ. ವಾಸನೆಗೆ ಕಣ್ಣಲ್ಲಿ ನೀರು ಬಂತು.

“ಮೊದಲನೇ ಸಲ ಮಾದರಿ ತೆಗೆದಾಗ ನೀವಿದ್ರಾ?”

“ಇದ್ದೆ ಮೇಡಂ. ಆವತ್ತೂ ಹೀಗೇ ವಾಸನೆ. ನಾನು ಮೂಗು ಮುಚ್ಕೊಂಡಿದ್ದೆ. ನಿಮ್ಮ ಕಡೆ ಹಿರಿಯರು ಬಗ್ಗಿ ಮೂಸಿ ನೋಡಿ, ‘ಏನೂ ಇಲ್ವಲ್ಲಮ್ಮ’ ಅಂದ್ರು. ನನ್ನ ಮೂಗೇ ಸರಿಯಿಲ್ವೇನೋ ಅಂದ್ಕೊಂಡೆ.”

“ನಿಮ್ಮ ಮೈದುನ?”

“ಅವನಿಗೆ ಹೆಣ್ಣು ನೋಡೋ ವಿಷಯಕ್ಕೆ ಅಣ್ಣನ ಮೇಲೆ ಮುನಿಸು, ಅಷ್ಟೇ. ಕ್ಯಾನು ಜನರೇಟರಿಗೆ. ಮುನಿಸ್ಕೊಂಡೋರೆಲ್ಲ ಬೆಂಕಿ ಇಟ್ರೆ ಊರಲ್ಲಿ ಒಂದು ಮನೆ ಉಳಿಯುತ್ತಾ ಮೇಡಂ?”

* * *

ಮಧ್ಯಾಹ್ನ ಎರಡಕ್ಕೆ ಯಂತ್ರ ಉತ್ತರ ಕೊಟ್ಟಿತು. ನೀರಿನಲ್ಲಿ ಪೆಟ್ರೋಲ್ ಇತ್ತು, ಬೇಕಾದಷ್ಟು. ಆದರೆ ಬೇಗ ಹಾರಿಹೋಗುವ ಹಗುರ ಭಾಗ ತೀರ ಕಡಿಮೆ. ನಿನ್ನೆ ಮೊನ್ನೆ ಕ್ಯಾನಿನಿಂದ ಸುರಿದದ್ದಾಗಿದ್ದರೆ ಅದೂ ಇರಬೇಕಿತ್ತು. ಇದು ತಿಂಗಳುಗಟ್ಟಲೆ ಮಣ್ಣಿನಲ್ಲಿ ಇಳಿದು ಬಂದ ಪೆಟ್ರೋಲ್. ಬಂಕಿನ ನೆಲದಡಿಯ ಟ್ಯಾಂಕು ಸೋರುತ್ತಿದೆ. ಆರು ವಾರದ ಹಿಂದೆಯೂ ಸೋರುತ್ತಿತ್ತು.

ಹಾಗಾದರೆ ಆ ಸೊನ್ನೆಗಳು ಎಲ್ಲಿಂದ ಬಂದವು?

ಮೊದಲು ಬಂಕಿನ ಮಾಲೀಕನ ಮೇಲೆ ಅನುಮಾನ ಹೋಯಿತು. ದಾರಿಯಲ್ಲಿ ಬಾಟಲಿ ಬದಲಾಯಿಸಿದನೇ? ಬಾಟಲಿ ತಂದ ಪೆಟ್ಟಿಗೆಯ ಸೀಲು ಒಡೆದಿರಲಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಬರೆದವಳು ಯಂತ್ರ ನೋಡಿಕೊಳ್ಳುವ ಹುಡುಗಿ. ಅವಳು ಸುಳ್ಳು ಬರೆಯುವವಳಲ್ಲ.

ಮಾದರಿಯ ಮೂರು ಬಾಟಲಿಗಳಲ್ಲಿ ಎರಡು ಫ್ರಿಜ್ಜಿನಲ್ಲೇ ಉಳಿದಿದ್ದವು. ಒಂದನ್ನು ತೆಗೆದು ಲವಣ ಅಳೆಯುವ ಮೀಟರ್ ಅದ್ದಿದೆ. ಮುಳ್ಳು ಅಲ್ಲಾಡಲಿಲ್ಲ. ತೊಟ್ಟಿಗೆ ಪೊರೆ ಕಟ್ಟಿಸುವ ಗಡಸು ನೀರಿಗೆ ಹೀಗಾಗುವುದುಂಟೇ? ಬಾಟಲಿಯಲ್ಲಿದ್ದದ್ದು ಬಾವಿಯ ನೀರೇ ಅಲ್ಲ. ನಾವೇ ತಯಾರಿಸುವ ಶುದ್ಧ ನೀರು. ಅದು ಸಿಗುವುದು ನಮ್ಮ ಪ್ರಯೋಗಾಲಯದೊಳಗೇ.

“ಆ ದಿನ ಏನಾದ್ರೂ ನೆನಪಿದ್ಯಾ?” ಹುಡುಗಿಯನ್ನು ಕೇಳಿದೆ.

“ಹಿತ್ತಲಲ್ಲಿ ಪೆಟ್ರೋಲ್ ವಾಸನೆ ಇತ್ತು ಮೇಡಂ. ಜೀಪು ಸೋರಿರ್ಬೇಕು ಅಂದ್ಕೊಂಡೆ. ಗುರುಗಳು ಅಲ್ಲೇ ನಿಂತಿದ್ರು. ಕೇಳಿದ್ದಕ್ಕೆ, ‘ಎಲ್ಲಿ ವಾಸನೆ?’ ಅಂದ್ರು.”

ಎರಡು ಖಾಲಿ ಬಾಟಲಿ ಹುಡುಕಿ ತೊಳೆದೆ.

* * *

ನಾಲ್ಕು ಗಂಟೆಗೆ ಗುರುಗಳನ್ನು ಕರೆದೆ. ಮೇಜಿನ ಮೇಲೆ ಎರಡು ಬಾಟಲಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಲಾಂಡ್ರಿಯ ಬಾವಿಯದು.

“ಯಾವುದರಲ್ಲಿ ಪೆಟ್ರೋಲ್ ಇದೆ, ಮೂಸಿ ಹೇಳಿ.”

ಮುಚ್ಚಳ ತೆಗೆದರು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ಗುರುಗಳು ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು, ಮತ್ತೆ ಮೊದಲನೆಯದನ್ನು ಮೂಸಿದರು. ಕೊನೆಗೆ ನಲ್ಲಿ ನೀರಿನ ಬಾಟಲಿ ಎತ್ತಿಕೊಟ್ಟರು.

“ಎಷ್ಟು ದಿನ ಆಯ್ತು ಗುರುಗಳೇ?”

ಅವರು ಎರಡೂ ಮುಚ್ಚಳ ಹಾಕಿ ಕೂತರು. “ಎರಡು ವರ್ಷ. ಒಂದು ಜ್ವರ ಬಂತು, ಮೂಗು ಹೋಯ್ತು. ಹೇಳಿದ್ರೆ ಮೂಲೇಲಿ ಕೂರಿಸ್ತೀರಿ ಅಂತ ಹೇಳ್ಲಿಲ್ಲ.”

“ಬಾಟಲಿ ಯಾಕೆ ಬದಲಾಯಿಸಿದ್ರಿ?”

“ಕೈ ನಡುಗ್ತು. ಮೂರರಲ್ಲೂ ಗಾಳಿ ಗುಳ್ಳೆ ಬಂದಿತ್ತು, ಇಲ್ಲಿ ಹುಡುಗಿ ಸೀಲು ನೋಡಿ ಬರ್ಕೊಂಡು ಹೋದ್ಮೇಲೆ ಪೆಟ್ಟಿಗೆ ತೆಗೆದು ನೋಡಿದೆ. ವಾಪಸ್ ಹೋಗೋಣ ಅಂದ್ರೆ ಜೀಪು ಹೊರಟುಹೋಗಿತ್ತು. ಬಾವೀಲಿ ವಾಸನೆ ಇಲ್ಲ ಅಂದಾಗ ಲಾಂಡ್ರಿ ಅಮ್ಮನೂ ಇದೆ ಅನ್ಲಿಲ್ಲ, ಶುದ್ಧ ನೀರಿಗೆ ಶುದ್ಧ ನೀರು, ಏನು ವ್ಯತ್ಯಾಸ ಅಂದ್ಕೊಂಡೆ. ಅದನ್ನ ಹಿತ್ತಲಿಗೆ ಚೆಲ್ಲಿ, ಇಲ್ಲಿನ ಶುದ್ಧ ನೀರು ತುಂಬಿಸಿದೆ.” ಅವರು ತಲೆಯೆತ್ತಲಿಲ್ಲ. “ಅದರ ಹಿಂದಿನ ವಾರ ತಾನೆ ನೀನು ನನ್ನ ಬಾಟಲಿ ಎಲ್ಲರೆದುರು ಸಿಂಕಿಗೆ ಸುರಿದಿದ್ದೆ ಕಣಮ್ಮ. ಇನ್ನೊಂದ್ಸಲ ಹಾಗಾಗೋದು ಬೇಡ ಅನ್ನಿಸ್ತು.”

ಸುರಿದಿದ್ದೆ, ನಿಜ. ಪೆಟ್ರೋಲ್ ಹುಡುಕುವ ಬಾಟಲಿಯಲ್ಲಿ ಗುಳ್ಳೆ ಇರಬಾರದು. ಇದ್ದರೆ ಆವಿ ಅದರೊಳಗೆ ಸೇರಿ ಲೆಕ್ಕ ತಪ್ಪುತ್ತದೆ. ಈ ಪಾಠ ಕಲಿಸಿದವರೂ ಅವರೇ. ಅವರ ಪಾಠವನ್ನು ಅವರಿಗೇ ಕೂಗಿ ಹೇಳಿದ್ದೆ. “ಕೈ ಆಗದಿದ್ರೆ ಮನೇಲಿರಿ” ಎಂದೂ ಸೇರಿಸಿದ್ದೆ. ಮರುವಾರ ಲಾಂಡ್ರಿಯ ಬಾಟಲಿಗಳನ್ನು ತಲೆಕೆಳಗು ಮಾಡಿ ನೋಡಿದಾಗ ಒಂದು ಗುಳ್ಳೆಯೂ ಇರಲಿಲ್ಲ. ನನ್ನ ಗದರಿಕೆ ಕೆಲಸ ಮಾಡಿತು ಎಂದು ಬೀಗಿದೆ. ಭೇಷ್ ಎಂದೆ. ಆ ಖುಷಿಯಲ್ಲೇ ಸೊನ್ನೆಗಳಿಗೆ ಸಹಿ ಹಾಕಿದೆ.

* * *

ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಎಲ್ಲವನ್ನೂ ಕೇಳಿದರು. ಹಳೆಯ ಪೆಟ್ರೋಲ್, ಗಡಸಿಲ್ಲದ ನೀರು, ಹಿತ್ತಲ ವಾಸನೆ, ಕೊನೆಗೆ ಆ ಮೂಗು. ಬಂಕಿಗೆ ಬೀಗ ಹಾಕಲು ಇಬ್ಬರು ಪೇದೆಗಳನ್ನು ಕಳಿಸಿದರು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ನಲ್ಲ ನಾನು,” ಎಂದು ಗೊಣಗುತ್ತ ತಮ್ಮನ ಬಿಡುಗಡೆಗೆ ಸಹಿ ಹಾಕಿದರು. “ಹೇಳಿಕೇಲಿ ತಪ್ಪು ಯಾರದು ಅಂತ ಬರೀಲಿ?”

“ಎರಡು ಹೆಸರು ಬರೀರಿ. ಮೊದಲು ನನ್ನದು.”

ಅಲ್ಲಿಂದ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಲಾಂಡ್ರಿ ಮಾಲೀಕನ ಹೆಂಡತಿ ಕೂತಿದ್ದಳು. ಮೈದುನ ಹೊರಗೆ ಬರುತ್ತಾನೆ ಎಂದೆ. ಕೈ ಮುಗಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಒಂದು ಮಾತು ಯಾರಿಗೂ ಹೇಳಿಲ್ಲ ಮೇಡಂ,” ಎಂದಳು. “ವಾಸನೆಗೆ ಅಂತ ಪಂಪ್ ರೂಮಿನ ಕಿಟಕಿ ಯಾವಾಗ್ಲೂ ತೆಗೆದೇ ಇಡ್ತಿದ್ವಿ. ನಿಮ್ಮ ರಿಪೋರ್ಟ್ ಬಂದ ದಿನ, ನೀರು ಚೆನ್ನಾಗಿದ್ಯಲ್ಲ, ವಾಸನೆ ನನ್ನ ಭ್ರಮೆ, ಸುಮ್ನೆ ಧೂಳು ಯಾಕೆ ಅಂತ ನಾನೇ ಮುಚ್ಚಿದೆ. ಆವಿ ಒಳಗೇ ನಿಂತಿದ್ದು ಅದಕ್ಕೇ ಅಲ್ವಾ? ಅವರಿಗೆ ಈ ಗತಿ ತಂದಿದ್ದು ನಾನೇ.”

“ನೀವಲ್ಲ.”

“ಮತ್ಯಾರು?”

ಹೇಳಿದೆ. ಗುಳ್ಳೆ, ಗದರಿಕೆ, ಸೊನ್ನೆ, ಸಹಿ. ಒಂದನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬಟ್ಟೆಯ ಚೀಲವನ್ನು ಬೆಂಚಿನಿಂದ ಕೆಳಗಿಟ್ಟಳು.

“ಅವರಿಗೆ ಎಚ್ಚರ ಆಗೋವರ್ಗೂ ಇರಿ,” ಎಂದಳು. “ಇದನ್ನೆಲ್ಲ ಅವರ ಮುಂದೆ ನೀವೇ ಹೇಳಿ.”

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಕಾದೆ.