ಕಲ್ಲಿನ ಮೇಲಿನ ಮಗಳು

ಹೊಲದ ನಡುವೆ ಯಾರೋ ಬೋರಲು ಬಿದ್ದಿದ್ದರು.

ಮುರೀನ್ ಸೈಕಲ್ಲನ್ನು ಕಲ್ಲುಗೋಡೆಗೆ ಒರಗಿಸಿ ಓಡಿದಳು. ಕುಡುಕನೋ, ಕಾಯಿಲೆಯವನೋ ಎಂದುಕೊಂಡು ಹತ್ತಿರ ಹೋದರೆ, ಐವತ್ತು ದಾಟಿದ ಒಬ್ಬ ಗಂಡಸು ಹಳೆಯ ಕಲ್ಲುಗಂಬದ ಬುಡದಲ್ಲಿ ಮಲಗಿ, ಅದರ ಅಂಚಿನ ಗೀರುಗಳನ್ನು ಬೆರಳ ತುದಿಯಿಂದ ಸವರುತ್ತಿದ್ದ. ಮಗುವಿನ ಕೆನ್ನೆ ಸವರುವಷ್ಟು ಮೆಲ್ಲಗೆ.

"ಏನ್ರೀ, ಜೀವ ಇದೆಯಾ?"

"ಇದೆ. ಒಂದ್ನಿಮಿಷ ಸುಮ್ನಿರಿ, ಎಣಿಸ್ತಾ ಇದೀನಿ."

"ನನ್ನ ಹೊಲದಲ್ಲಿ ಮಲಗಿ ನನಗೇ ಸುಮ್ನಿರು ಅಂತೀರಾ? ಆ ಕಲ್ಲಿಗೆ ನಮ್ಮ ಹಸು ದಿನಾ ಮೈ ಉಜ್ಜತ್ತೆ. ಇನ್ನೇನು ಬರೋ ಹೊತ್ತು. ಆಮೇಲೆ ನನ್ನ ದೂರಬೇಡಿ."

ಅವನು ಗಡಬಡಿಸಿ ಎದ್ದ. ಕನ್ನಡಕ ಒಂದು ಕಿವಿಗೆ ಜೋತುಬಿದ್ದಿತ್ತು, ತಲೆಯ ತುಂಬ ಹುಲ್ಲು. ಊರಿನವರ ಐರಿಷ್ ಭಾಷೆಯಲ್ಲೇ ಕ್ಷಮೆ ಕೇಳಿದ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಒಂದೊಂದು ಮಾತೂ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಿಂದ ತೆಗೆದಂತಿತ್ತು.

ಮುರೀನ್‌ಗೆ ನಗು ತಡೆಯಲಾಗಲಿಲ್ಲ. "ಎಷ್ಟು ಚೆನ್ನಾಗಿ ಮಾತಾಡ್ತೀರಿ! ಸತ್ತು ಸಾವಿರ ವರ್ಷ ಆದೋರ ಹಾಗೆ."

"ಅವರ ಜೊತೆನೇ ನನಗೆ ಒಡನಾಟ ಜಾಸ್ತಿ," ಅವನೂ ನಕ್ಕ. "ಅವರು ಹೀಗೆ ಗೇಲಿ ಮಾಡಲ್ಲ, ಅಷ್ಟೇ."

ಅವನು ಫಿಂಟನ್ ಲೇಸಿ. ಹೆಸರು ಕೇಳಿದ್ದೇ ಮುರೀನ್ ಕೆಂಪಾದಳು. ಡಬ್ಲಿನ್ನಿನ ಪ್ರೊಫೆಸರ್, ಐರ್ಲೆಂಡಿನ ಪ್ರಾಚೀನ ಕೆಲ್ಟಿಕ್ ಜನರ ಚರಿತ್ರೆ ಬರೆದವನು. ಆದರೆ ಊರೂರಿನ ಬಸ್ಸುಗಳಲ್ಲಿ ಜನ ಓದುತ್ತಿದ್ದುದು ಅವನ ಪತ್ತೇದಾರಿ ಕಾದಂಬರಿಗಳನ್ನು. ಅವುಗಳ ನಾಯಕಿ, ಏಳನೆಯ ಶತಮಾನದ ಸೂಲಗಿತ್ತಿ ಲಾಸರ್, ಯಾವ ಮನೆಯ ಬಾಗಿಲೂ ಅವಳಿಗೆ ತೆರೆದೇ ಇರುವುದರಿಂದ, ಮನೆಗಳ ಒಳಗುಟ್ಟನ್ನೆಲ್ಲ ಹಿಡಿದು ಕೊಲೆಗಾರರನ್ನು ಪತ್ತೆ ಮಾಡುತ್ತಿದ್ದಳು. ಅಂಥ ಹನ್ನೊಂದು ಪುಸ್ತಕಗಳು ಬಂದಿದ್ದವು. ಹನ್ನೊಂದೂ ಮುರೀನ್‌ಳ ಮಂಚದ ಪಕ್ಕದಲ್ಲಿದ್ದವು. ಅದನ್ನು ಮಾತ್ರ ಅವಳು ಹೇಳಲಿಲ್ಲ.

ಹನ್ನೆರಡನೆಯದನ್ನು ಬರೆಯಲು ಅವನು ಬೇಸಿಗೆಗೆಂದು ಅವಳ ಊರಾದ ಬಾಲಿಡೂನ್‌ನಲ್ಲಿ ಕಡಲಂಚಿನ ಒಂದು ಮನೆ ಹಿಡಿದಿದ್ದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮುರೀನ್ ಊರಿನ ಶಾಲೆಯ ಟೀಚರ್. ಅದೇ ಶಾಲೆಯಲ್ಲಿ ಅವಳಪ್ಪ ಡೋನಲ್ ಮಾಸ್ತರು ನಲವತ್ತು ವರ್ಷ ಪಾಠ ಹೇಳಿದ್ದರು. ಅವರು ತೀರಿಹೋಗಿ ಹದಿನೈದು ವರ್ಷವಾಗಿತ್ತು. ಮದುವೆಯ ಮಾತು ಎರಡು ಸಲ ಅವಳ ಮನೆಯ ಹೊಸ್ತಿಲವರೆಗೆ ಬಂದು ಹಿಂತಿರುಗಿತ್ತು. ನಲವತ್ತೊಂದರ ಪ್ರಾಯದಲ್ಲಿ ಅವಳು ಆ ದಾರಿ ನೋಡುವುದನ್ನು ಬಿಟ್ಟಿದ್ದಳು.

ಶಾಲೆಗೆ ಬೇಸಿಗೆ ರಜೆ. ಫಿಂಟನ್ ಅಂದಂದು ಬರೆದದ್ದನ್ನು ಅವಳಿಗೆ ಓದಿ ಹೇಳುವನು, ಇವಳು ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳುವಳು.

"ನಿಲ್ಸಿ. ಹೆರಿಗೆ ಮನೆಯಲ್ಲಿ ಯಾವ ಸೂಲಗಿತ್ತಿ 'ತಾಯೇ, ಧೈರ್ಯವನ್ನು ತಾಳು' ಅಂತಾಳೆ?"

"ಮತ್ತೆ?"

"'ಕಿರುಚು ಮಗಳೇ, ಊರಿಗೇ ಕೇಳಲಿ' ಅಂತಾಳೆ."

ಅವನು ಹೊಡೆದುಹಾಕಿ ಬರೆದುಕೊಂಡ. ಬರೆಯುವಾಗ ಅವನ ತುಟಿ ಮಗುವಿನಂತೆ ಸೊಟ್ಟಗಾಗುತ್ತಿತ್ತು. ಅವಳು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಬೆಣ್ಣೆಯತ್ತ ನೋಟ ಸರಿಸುತ್ತಿದ್ದಳು. ಬ್ರೆಡ್ಡಿಗೆ ಬೆಣ್ಣೆ ದಿನದಿನಕ್ಕೆ ದಪ್ಪವಾಗುತ್ತಿತ್ತು.

"ಇಷ್ಟು ಬೆಣ್ಣೆ ತಿಂದ್ರೆ ನಾನು ಪುಸ್ತಕ ಮುಗಿಸೋ ಮೊದಲೇ ಸಾಯ್ತೀನಿ, ಮುರೀನ್."

"ಸಾಯಬೇಡ. ಕೊಲೆಗಾರ ಯಾರು ಅಂತ ನನಗಿನ್ನೂ ಗೊತ್ತಾಗಿಲ್ಲ."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಇಬ್ಬರೂ ಸರಿಪಡಿಸಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ, ಹಳೆಯ ಸೂಲಗಿತ್ತಿಯರ ಹರಕೆಯ ಮಾತೊಂದು ಅವನ ಕಾದಂಬರಿಗೆ ಬೇಕಾಗಿತ್ತು. ಅಪ್ಪ ಊರಿನ ಮಾತು, ಗಾದೆ, ಕಥೆಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್‌ಗಳು ಅಟ್ಟದ ಮೇಲಿದ್ದವು. ಅವನನ್ನು ಬೆರಗುಗೊಳಿಸೋಣವೆಂದು ಮುರೀನ್ ಏಣಿ ಹತ್ತಿ ಅವನ್ನು ತಿರುವಿಹಾಕಿದಳು. ಹರಕೆಯ ಮಾತು ಸಿಗುವ ಮೊದಲೇ ೧೯೫೮ರ ಜುಲೈ ಸಿಕ್ಕಿತು.

"ಡಬ್ಲಿನ್ನಿನಿಂದ ಬಂದ ಫಿಂಟನ್ ಎಂಬ ವಿದ್ಯಾರ್ಥಿಗೆ ಇವತ್ತು ನಮ್ಮ ಹೊಲದ ಕಲ್ಲು ತೋರಿಸಿದೆ. ಅಂಚಿನ ಗೀರುಗಳ ಲಿಪಿಯಲ್ಲಿ ಎಲ್ಲರೂ 'ಮಗ' ಎಂದು ಓದುವ ಕಡೆ 'ಮಗಳು' ಎಂದಿರುವುದನ್ನು ಅವನ ಬೆರಳು ಹಿಡಿದು ಮುಟ್ಟಿಸಿದೆ. ಹುಡುಗನ ಕಣ್ಣಲ್ಲಿ ನೀರು ಬಂತು. ಚುರುಕಿನವನು. ಕಾಗದ ಬರೆಯುತ್ತೇನೆಂದಿದ್ದಾನೆ."

ಅದರ ಕೆಳಗೆ, ಬೇರೆ ಶಾಯಿಯಲ್ಲಿ, ೧೯೬೧ರ ತಾರೀಖಿನೊಂದಿಗೆ ಒಂದೇ ಸಾಲು: "ಪುಸ್ತಕ ಬಂತು. ಕಲ್ಲಿನ ಓದು ಸರಿಯಾಗಿದೆ."

ಮುರೀನ್ ಅಟ್ಟದ ಏಣಿಯ ಮೇಲೇ ಕುಳಿತುಬಿಟ್ಟಳು. ಆ ಪುಸ್ತಕ ಅವಳಿಗೆ ಗೊತ್ತಿತ್ತು. ಸಾವಿರದೈನೂರು ವರ್ಷದ ಹಿಂದೆ ಒಬ್ಬ ಹೆಣ್ಣಿನ ಹೆಸರಲ್ಲಿ ನೆಟ್ಟ ಕಲ್ಲು ಅದು ಎಂದು ಲೋಕಕ್ಕೆ ಸಾರಿ, ಇಪ್ಪತ್ತಾರರ ಹುಡುಗನನ್ನು ಪ್ರಸಿದ್ಧ ವಿದ್ವಾಂಸನನ್ನಾಗಿ ಮಾಡಿದ ಪುಸ್ತಕ. ಅದರಲ್ಲಿ ಎಲ್ಲೂ ಡೋನಲ್ ಮಾಸ್ತರ ಹೆಸರಿರಲಿಲ್ಲ.

ಅವಳು ಹೋದಾಗ ಅವನು ಟೈಪ್ ಮಾಡುತ್ತಿದ್ದ. ನೋಟ್‌ಬುಕ್ ಕಂಡದ್ದೇ ಕೈ ನಿಂತಿತು. ಅವಳು ಓದಿ ಹೇಳಬೇಕಾಗಲಿಲ್ಲ.

"ಮೊದಲ ಪುಟದಲ್ಲಿ ಅವರ ಹೆಸರು ಬರೆದಿದ್ದೆ," ಎಂದ. "ಹಳ್ಳಿ ಮಾಸ್ತರ ಮಾತು ಅಂದ್ರೆ ಯಾರು ನಂಬ್ತಾರೆ, ತೆಗಿ ಅಂದ್ರು ನನ್ನ ಗುರುಗಳು. ಅದು ನೆಪ, ಮುರೀನ್. ಆ ಕೀರ್ತಿ ನನಗೂ ಬೇಕಿತ್ತು. ಪ್ರತಿ ಕ್ರಿಸ್‌ಮಸ್‌ಗೂ ನಿಮ್ಮಪ್ಪನಿಗೆ ಬರೀಬೇಕು ಅಂದ್ಕೊಂಡೆ. ಆಮೇಲೆ ಅವರು ಹೋದ ಸುದ್ದಿ ಪೇಪರ್‌ನಲ್ಲಿ ಬಂತು. ಆ ವರ್ಷವೇ ಕಾದಂಬರಿ ಬರೆಯೋಕೆ ಶುರುಮಾಡಿದ್ದು. ತಪ್ಪು ಮಾಡಿದವನು ಕೊನೇ ಪುಟದಲ್ಲಿ ಎಲ್ಲರ ಮುಂದೆ ಒಪ್ಕೋತಾನಲ್ಲ, ಅದನ್ನ ಬರೆಯೋವಾಗ ಎಂಥಾ ನೆಮ್ಮದಿ ಗೊತ್ತಾ?"

"ಹನ್ನೊಂದು ಸಲ ಬೇರೆಯವರ ಕೈಲಿ ಒಪ್ಪಿಸಿದೆ. ನನಗೆ ಯಾವಾಗ ಹೇಳೋನಿದ್ದೆ?"

"ಹೇಳೋಕೇ ಬಂದಿದ್ದು. ಮೊದಲ ದಿನ ನೀನು ಹಸು ವಿಷಯ ಹೇಳಿ ನಗಿಸಿದೆ. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಕಳ್ಕೊಳ್ಳೋದಕ್ಕೆ ನನ್ನ ಹತ್ರ ಏನೋ ಒಂದು ಬಂದ್ಬಿಡ್ತು."

"ಏನು?"

"ನೀನು."

ಇಡೀ ಬೇಸಿಗೆ ಅವಳು ಕಾದಿದ್ದ ಮಾತು ಅದು. ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು.

"ನಮ್ಮಪ್ಪ 'ಓದು ಸರಿಯಾಗಿದೆ' ಅಂತ ಬರೆದು ಸುಮ್ಮನಾದರು. ಅವರು ದೊಡ್ಡೋರು. ನಾನಲ್ಲ. ಹೊರಡು, ಫಿಂಟನ್."

ಮರುದಿನ ಕಡಲಂಚಿನ ಮನೆಗೆ ಬೀಗ ಬಿತ್ತು.

ಶಾಲೆ ಶುರುವಾಯಿತು. ಮುರೀನ್ ಮಕ್ಕಳ ಮೇಲೆ ರೇಗಿದಳು, ಆಮೇಲೆ ಮಿಠಾಯಿ ಹಂಚಿದಳು. ದಿನಾ ಸಂಜೆ ಪೋಸ್ಟಾಫೀಸಿನ ಮುಂದೆ ಸೈಕಲ್ಲು ತಾನಾಗಿ ನಿಧಾನವಾಗುತ್ತಿತ್ತು.

"ನೀನು ಕೇಳಿಲ್ಲ, ನಾನು ಹೇಳ್ತೀನಿ," ಒಳಗಿಂದ ಪೋಸ್ಟಾಫೀಸಿನ ನೆಲ್ ಕೂಗುತ್ತಿದ್ದಳು. "ಬಂದಿಲ್ಲ!"

ನವೆಂಬರಿನಲ್ಲಿ ಒಂದು ಪಾರ್ಸೆಲ್ ಬಂತು. ಅದರಲ್ಲಿದ್ದುದು ವಿದ್ವಾಂಸರ ಪತ್ರಿಕೆಯೊಂದರ ಹೊಸ ಸಂಚಿಕೆ. ಮೊದಲ ಲೇಖನ ಬಾಲಿಡೂನ್ ಕಲ್ಲಿನ ಮೇಲೆ. ಲೇಖಕರ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು. ಅದರ ಕೊನೆಯಲ್ಲಿ ಫಿಂಟನ್‌ನ ಅರ್ಧ ಪುಟ: ಈ ಓದು ಯಾರದು, ತಾನು ಹೇಗೆ ಅದನ್ನು ತನ್ನದಾಗಿಸಿಕೊಂಡೆ, ಯಾರ ಹೆಸರನ್ನು ಹೊಡೆದುಹಾಕಿದೆ. ಒಂದು ನೆಪವೂ ಇರಲಿಲ್ಲ.

ನೆಲ್ ರೇಡಿಯೋದಲ್ಲಿ ಉಳಿದದ್ದನ್ನು ಕೇಳಿದ್ದಳು. "ಅವನಿಗೆ ಯಾವುದೋ ಚಿನ್ನದ ಪದಕ ಕೊಡೋ ಸಭೆಯಂತೆ. ವೇದಿಕೆ ಮೇಲೇ ಇದನ್ನೆಲ್ಲ ಓದಿದನಂತೆ. ಅರ್ಧ ಜನ ಎದ್ದು ಹೋದ್ರಂತೆ. ಪದಕ ವಾಪಸ್ಸು, ಕೆಲಸಕ್ಕೂ ರಾಜೀನಾಮೆ."

ಮುರೀನ್ ಪತ್ರಿಕೆಯನ್ನು ಕೊಡವಿ ನೋಡಿದಳು. ಕಾಗದ ಇರಲಿಲ್ಲ. "ಒಂದು ಸಾಲು ಬರೆಯೋಕಾಗ್ಲಿಲ್ವಾ ಅವನಿಗೆ?"

"ಕ್ಷಮಿಸು ಅಂತ ಬರೆದಿದ್ರೆ ಏನ್ಮಾಡ್ತಿದ್ದೆ?"

"ಹರಿದು ಒಲೆಗೆ ಹಾಕ್ತಿದ್ದೆ."

"ಅದಕ್ಕೇ ಬರೆದಿಲ್ಲ ಕಣೇ, ದಡ್ಡಿ."

ಆ ಶುಕ್ರವಾರ ಮುರೀನ್ ರಜೆ ಹಾಕಿ ಮುಂಜಾನೆಯ ರೈಲು ಹತ್ತಿದಳು. ಡಬ್ಲಿನ್ನಿನ ದೊಡ್ಡ ಲೈಬ್ರರಿಯಲ್ಲಿ ಅವನು ಸಿಗುತ್ತಾನೆಂದು ಗೊತ್ತಿತ್ತು. ಕೆಲಸ ಬಿಟ್ಟರೂ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಗುಮ್ಮಟದ ಕೆಳಗೆ, ಹಸಿರು ದೀಪಗಳ ಸಾಲಿನ ಕೊನೆಯಲ್ಲಿ ಒಬ್ಬನೇ ಕುಳಿತಿದ್ದ. ಅಕ್ಕಪಕ್ಕದ ಕುರ್ಚಿಗಳು ಖಾಲಿ. ಪರಿಚಯದವರು ದೂರ ಕುಳಿತಿದ್ದರು. ಅವನು ಸೊರಗಿದ್ದ. ಕೋಟಿನ ಗುಂಡಿಯೊಂದು ತಪ್ಪು ತೂತಿಗೆ ಸೇರಿತ್ತು.

ಮುರೀನ್ ಎದುರು ಕುರ್ಚಿ ಎಳೆದು ಕುಳಿತಳು.

ಅವನು ತಲೆಯೆತ್ತಿದ. ಬಾಯಿ ತೆರೆದ. ಮೇಲ್ವಿಚಾರಕಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಪುಸ್ತಕ ಕೇಳುವ ಚೀಟಿಯೊಂದನ್ನು ಎಳೆದುಕೊಂಡು ಬರೆದು ತಳ್ಳಿದ.

"ಯಾಕೆ ಬಂದೆ?"

ಅವಳು ಅದೇ ಚೀಟಿಯಲ್ಲಿ ಬರೆದಳು: "ನೀನು ಒಪ್ಕೊಂಡಿದ್ದು ಓದಿದೆ. ಕೆಲಸ ಯಾಕೆ ಬಿಟ್ಟೆ?"

"ಅದೂ ನಿಮ್ಮಪ್ಪನ ಓದಿನಿಂದಲೇ ಬಂದಿದ್ದು."

ಅವಳು ಆ ಚೀಟಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹೊಸ ಚೀಟಿ ತೆಗೆದುಕೊಂಡು, ಶಾಲೆಯ ಹಲಗೆಯ ಮೇಲೆ ಬರೆಯುವ ಹಾಗೆ ಗುಂಡಗಿನ ಅಕ್ಷರದಲ್ಲಿ, ನಿಧಾನವಾಗಿ ಬರೆದಳು.

"ನಾನಿನ್ನೂ ಕ್ಷಮಿಸಿಲ್ಲ. ಪೂರ್ತಿ ಕ್ಷಮಿಸೋಕೆ ತುಂಬಾ ವರ್ಷ ಬೇಕಾಗತ್ತೆ. ನೀನು ಹತ್ತಿರದಲ್ಲೇ ಇದ್ದರೆ ಅನುಕೂಲ. ರೈಲು ಐದು ಗಂಟೆಗೆ."

ಫಿಂಟನ್ ಓದಿದ. ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದ. ಎದ್ದ ರಭಸಕ್ಕೆ ಅವನ ಕುರ್ಚಿ ಕಲ್ಲುನೆಲದ ಮೇಲೆ ಕಿರ್ರೆಂದು ಕಿರುಚಿತು. ಇಡೀ ಗುಮ್ಮಟ ತಿರುಗಿ ನೋಡಿತು. ಮುರೀನ್ ಯಾರತ್ತಲೂ ನೋಡಲಿಲ್ಲ. ಕೈ ಚಾಚಿ, ಅವನ ಕೋಟಿನ ಗುಂಡಿಯನ್ನು ಬಿಚ್ಚಿ ಸರಿಯಾದ ತೂತಿಗೆ ಹಾಕಿದಳು.